ಚುಕ್ಕಿ ಮತ್ತು ಎಳೆ
(ಬಾನುಲಿ ಭಾಷಣ)

ಚಿತ್ರದ ವಿಷಯವನ್ನು ಬಾನುಲಿಯಲ್ಲಿ ಮಾತನಾಡುವುದೆಂದರೆ ಕೊಂಚ ಸಂಕೋಚದ ಕೆಲಸ. ತೋರಿಸಲು ಹಲಗೆಯಿಲ್ಲ, ಬಳಪವಿಲ್ಲ. ಕೇಳುವವರ ಮುಂದೆ ಕಾಗದವಿದೆಯೋ ಇಲ್ಲವೋ ತಿಳಿಯದು. ಆದರೂ ಒಪ್ಪಿಕೊಂಡೆ. ಅದಕ್ಕೆ ಕಾರಣವಿದೆ. ನಾನು ಮೊತ್ತಮೊದಲು ಗೆರೆ ಎಳೆಯುವುದನ್ನು ಕಲಿತದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಕಲಿಸಿದವರು ನನ್ನ ಸೋದರತ್ತೆ. ಅವರು ಹೊಸ್ತಿಲ ಒಳಗೆ ನಿಂತು ಬಾಯಿಮಾತಿನಲ್ಲಿ ಹೇಳಿದರು. ನಾನು ಹೊಸ್ತಿಲ ಹೊರಗೆ ಕುಕ್ಕುರುಗಾಲಿನಲ್ಲಿ ಕುಳಿತು ಎಳೆದೆ. ಆದ್ದರಿಂದ ಕೈಗೆ ಸಿಕ್ಕಿದ ಕಾಗದದ ಮೇಲೆ ನಾಲ್ಕು ಚುಕ್ಕಿ ಇಟ್ಟುಕೊಂಡು ಕೇಳಿರೆಂದು ನಿಮ್ಮನ್ನು ಬೇಡುವುದರಲ್ಲಿ ತಪ್ಪಿಲ್ಲವೆಂದು ಭಾವಿಸುತ್ತೇನೆ.

ರೇಖಾಚಿತ್ರವೆಂದೊಡನೆ ನಮ್ಮ ಮನಸ್ಸು ಕಲಾಶಾಲೆಯ ಕಡೆಗೆ, ಪ್ರದರ್ಶನದ ಗೋಡೆಗಳ ಕಡೆಗೆ ಹರಿಯುತ್ತದೆ. ಅದು ಸಹಜವೇ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಗೆರೆಗಳನ್ನು ಕಂಡವರು, ಕುಣಿಯುವ ಮೈಯೊಂದನ್ನು ನಾಲ್ಕೇ ಎಳೆಗಳಲ್ಲಿ ಹಿಡಿಯಬಲ್ಲ ಆ ಕೈಯನ್ನು ಮರೆಯಲಾರರು. ಗೆರೆಗೆ ಲಯ ಬರಬೇಕೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದವರು ಅವರು. ಆದರೆ ದಿನವೂ ತಪ್ಪದೆ ಗೆರೆ ಎಳೆಯುವ, ಎಳೆದುದನ್ನು ಬೀದಿಗೆ ತೋರುವ, ಮಧ್ಯಾಹ್ನದೊಳಗೆ ಅದು ಕಾಲ್ತುಳಿತಕ್ಕೆ ಅಳಿದರೂ ಕೊರಗದ ಬೇರೊಂದು ಬಳಗ ನಮ್ಮಲ್ಲಿದೆ. ಆ ಬಳಗದವರು ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳುವುದಿಲ್ಲ. ಬಾಗಿಲಿಗೆ ರಂಗೋಲಿ ಹಾಕಿ ಬಂದೆ ಎನ್ನುತ್ತಾರೆ, ಅಷ್ಟೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ 'ಮಾನಸೋಲ್ಲಾಸ'ದಲ್ಲಿ ಚಿತ್ರದ ಬಗೆಗಳನ್ನು ಹೇಳುವಾಗ ಧೂಳಿಚಿತ್ರವನ್ನೂ ಅವುಗಳ ಸಾಲಿಗೆ ಸೇರಿಸಿದ್ದಾನೆ. ಪುಡಿಯಿಂದ ಬಿಡಿಸಿದ್ದೂ ಚಿತ್ರವೇ ಎಂದು ಅರಸನೊಬ್ಬ ಒಪ್ಪಿ ಒಂಬತ್ತು ಶತಮಾನಗಳಾಗುತ್ತ ಬಂದವು. ನಾವಿನ್ನೂ ಒಪ್ಪುವುದರಲ್ಲಿದ್ದೇವೆ.

ಕೆಲಸ ನೋಡಲು ಸುಲಭ. ಮೆದುವಾದ ಬಿಳಿಯ ಕಲ್ಲಿನ ಪುಡಿ, ಇಲ್ಲವೆ ಅಕ್ಕಿಯ ಹಿಟ್ಟು; ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಚಿಟಿಕೆ. ಬೆರಳು ನೆಲವನ್ನು ಮುಟ್ಟುವುದಿಲ್ಲ. ಅರ್ಧ ಅಂಗುಲ ಮೇಲಿನಿಂದ ಪುಡಿ ತಾನಾಗಿ ಇಳಿಯಬೇಕು. ಕೈ ಅವಸರ ಮಾಡಿದರೆ ಗೆರೆ ತುಂಡಾಗುತ್ತದೆ. ನಿಂತರೆ ನಿಂತಲ್ಲಿ ಪುಡಿ ಗುಪ್ಪೆಯಾಗುತ್ತದೆ. ಸೆಗಣಿನೀರು ಚಿಮುಕಿಸಿದ ಹಸಿಯ ನೆಲದಲ್ಲಿ ತಪ್ಪನ್ನು ಒರೆಸಿದರೂ ಮಾಸಲು ಉಳಿದೇ ಉಳಿಯುತ್ತದೆ. ಅನುಮಾನಿಸಿದ ಕೈಯ ಗುರುತು ದಾರಿಹೋಕನಿಗೂ ಕಾಣುತ್ತದೆ.

ಗೆರೆಗಿಂತ ಮೊದಲು ಚುಕ್ಕಿ. ಚುಕ್ಕಿ ಇಡುವುದರಲ್ಲಿ ಮುಖ್ಯವಾಗಿ ಎರಡು ಕ್ರಮ. ಒಂದು ಸಾಲಿನ ಚುಕ್ಕಿಗೆ ಸರಿಯಾಗಿ ಕೆಳಗೆ ಇನ್ನೊಂದು ಸಾಲಿನ ಚುಕ್ಕಿ ಬಂದರೆ ಅದು ನೇರ ಚುಕ್ಕಿ; ಮೇಲಿನ ಎರಡು ಚುಕ್ಕಿಗಳ ನಡುವಣ ಸಂದಿಗೆ ಕೆಳಗಿನದು ಬಂದರೆ ಸಂದು ಚುಕ್ಕಿ. '15ರಿಂದ 8, ಸಂದು' ಎಂದು ಬರೆದಿದ್ದರೆ, ನಡುವೆ 15 ಚುಕ್ಕಿಗಳ ಸಾಲು, ಮೇಲಕ್ಕೂ ಕೆಳಕ್ಕೂ ಒಂದೊಂದು ಕಡಮೆಯಾಗುತ್ತ 8ರವರೆಗೆ ಎಂದು ಅರ್ಥ. ಒಟ್ಟು 169 ಚುಕ್ಕಿ, ಆರು ಮೂಲೆಯ ಆಕಾರ. ಇಷ್ಟೆಲ್ಲ ವಿವರ ಆ ಮೂರು ಪದಗಳಲ್ಲಿ ಅಡಗಿದೆ. ಹೀಗೆ ಇಟ್ಟ ಚುಕ್ಕಿಗಳನ್ನು ಒಂದಕ್ಕೊಂದು ಸೇರಿಸುತ್ತ ಹೋದರೆ ಕಮಲ, ತೇರು, ತೊಟ್ಟಿಲು ಮೂಡುತ್ತವೆ. ಚುಕ್ಕಿಗಳನ್ನು ಮುಟ್ಟದೆ ಅವುಗಳ ಸುತ್ತ ಬಳಸುತ್ತ ಹೋದರೆ ಎಳೆ ರಂಗೋಲಿ. ನೆರೆಯ ತಮಿಳರು ಇದನ್ನೇ ಚಿಕ್ಕು ಕೋಲಂ ಎನ್ನುತ್ತಾರೆ. ನನ್ನ ಕಥೆ ಈ ಎರಡನೆಯದಕ್ಕೆ ಸೇರಿದ್ದು.

1961ನೆಯ ಇಸವಿಯ ಧನುರ್ಮಾಸ. ನನಗಾಗ ಹತ್ತು ವರ್ಷ. ಹಾಸನ ಸೀಮೆಯ ಸಣ್ಣ ಊರು ನಮ್ಮದು. ತಾಯಿ ಹೆರಿಗೆಗೆಂದು ತವರಿಗೆ ಹೋಗಿದ್ದರು. ಅಜ್ಜಿಗೆ ಸೊಂಟ ಬಗ್ಗದು. ಮನೆಯಲ್ಲಿ ಉಳಿದ ಹೆಂಗಸೆಂದರೆ ಅತ್ತೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಅವರು ಬಾಗಿಲಿಗೆ ರಂಗೋಲಿ ಹಾಕಬಾರದೆಂಬುದು ನಮ್ಮ ಮನೆತನದ ಕಟ್ಟಳೆ. ಅಡುಗೆ ಅವರ ಕೈಯದು, ಮಕ್ಕಳ ಎಣ್ಣೆನೀರು ಅವರ ಕೈಯದು, ಹಸು ಕರೆಯುವುದೂ ಅವರ ಕೈಯೇ. ಹೊಸ್ತಿಲ ಮುಂದಿನ ಮಾರುದ್ದದ ನೆಲಕ್ಕೆ ಮಾತ್ರ ಆ ಕೈ ಬೇಡವಾಗಿತ್ತು. ಇದು ಅನ್ಯಾಯವೆಂದು ನಾನು ಈಗ ಸುಲಭವಾಗಿ ಹೇಳಿಬಿಡುತ್ತೇನೆ. ಆಗ ಯಾರೂ ಹೇಳಲಿಲ್ಲ. ನನ್ನ ತಂದೆ ಓದಿದವರು, ಮನೆಗೆ ಎರಡು ಪತ್ರಿಕೆ ತರಿಸುತ್ತಿದ್ದವರು. ಅವರೂ ಹೇಳಲಿಲ್ಲ.

ಧನುರ್ಮಾಸದಲ್ಲಿ ಬಾಗಿಲು ಬರಿದಾಗಿರಬಾರದೆಂದು ಅಜ್ಜಿ ಹಟ ಹಿಡಿದರು. ಅಂತೂ ಪುಡಿಯ ಬಟ್ಟಲು ನನ್ನ ಕೈಗೆ ಬಂತು. ಬೆಳಕು ಹರಿದಿರಲಿಲ್ಲ. ನನಗೆ ಚಳಿಗಿಂತ ಎದುರುಮನೆಯ ಹುಡುಗರು ಎದ್ದುಬಿಟ್ಟಾರೆಂಬ ಭಯವೇ ಹೆಚ್ಚು. ಅತ್ತೆ ಲಾಟೀನು ಹಿಡಿದು ಹೊಸ್ತಿಲ ಒಳಗೆ ನಿಂತರು.

"ಮೂರು ಸಾಲು ಚುಕ್ಕಿ ಇಡು ಮಗು. ಸಾಲಿಗೆ ನಾಲ್ಕು. ನೇರ."

ಇಟ್ಟೆ. ಸೊಟ್ಟಗಾಗಿತ್ತು, ಅವರು ಏನೂ ಅನ್ನಲಿಲ್ಲ.

"ಈಗ ಮೂಲೆ ಚುಕ್ಕಿಯ ಹೊರಗಿನಿಂದ ಓರೆಯಾಗಿ ಹೊರಡು. ಒಂದು ಚುಕ್ಕಿ ಎಡಕ್ಕೆ ಬಿಡು, ಮುಂದಿನದನ್ನ ಬಲಕ್ಕೆ ಬಿಡು. ಅಂಚಿಗೆ ಬಂದಾಗ ಚುಕ್ಕೀನ ತಬ್ಬಿಕೊಂಡು ಒಳಕ್ಕೆ ತಿರುಗು. ಚುಕ್ಕಿ ಮುಟ್ಟಬೇಡ. ನಿಲ್ಲಬೇಡ."

"ಎಲ್ಲೀವರೆಗೆ ಅತ್ತೆ?"

"ಹೊರಟ ಜಾಗಕ್ಕೆ ಬರೋವರೆಗೆ."

ಎಡಕ್ಕೊಂದು, ಬಲಕ್ಕೊಂದು, ಅಂಚಿನಲ್ಲಿ ತಿರುವು. ನನ್ನ ಗೆರೆ ತಾನೇ ಎಳೆದ ಗೆರೆಯನ್ನು ದಾಟಿತು, ಮತ್ತೆ ದಾಟಿತು. ತಪ್ಪಿದೆನೆಂದು ತಲೆಯೆತ್ತಿದರೆ ಅತ್ತೆ "ನಡಿ, ನಡಿ" ಎನ್ನುತ್ತಿದ್ದರು. ಕೊನೆಗೆ ಹೊರಟ ಮೂಲೆಗೇ ಬಂದು ಸೇರಿದೆ. ನೋಡಿದರೆ ಹನ್ನೆರಡು ಚುಕ್ಕಿಗಳೂ ಒಂದೊಂದು ಪುಟ್ಟ ಕೋಣೆಯಲ್ಲಿ ಕುಳಿತಿವೆ. ಜಡೆ ಹೆಣೆದಂತೆ ಗೆರೆ ಅವುಗಳ ಸುತ್ತ ಹೊಸೆದುಕೊಂಡಿದೆ. ಎಲ್ಲೂ ಕೊಂಡಿ ಕಳಚಿಲ್ಲ. ನಾನು ಮಾಡಿದ್ದು ಒಂದು ಗೆರೆ ಮಾತ್ರ. ಚಿತ್ರ ತಾನಾಗಿಯೇ ಆಗಿತ್ತು. ಕೇಳುಗರಲ್ಲಿ ಯಾರಾದರೂ ಚುಕ್ಕಿ ಇಟ್ಟುಕೊಂಡು ಕುಳಿತಿದ್ದರೆ ಈಗಲೇ ಎಳೆದು ನೋಡಬಹುದು.

ಮರುದಿನ ಹುರುಪಿನಿಂದ ನಾನೇ ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಚುಕ್ಕಿಯಿಟ್ಟು ಹೊರಟೆ. ಗೆರೆ ಬೇಗನೆ ಹೊರಟ ಜಾಗಕ್ಕೆ ಬಂದುಬಿಟ್ಟಿತು. ಎಷ್ಟೋ ಚುಕ್ಕಿಗಳು ಕಾದೇ ಇದ್ದವು. ಅಳು ಬಂದಂತಾಯಿತು. ಅತ್ತೆ ಒಳಗಿನಿಂದಲೇ ನಕ್ಕು, "ನಾಲ್ಕು ನಾಲ್ಕಾದರೆ ನಾಲ್ಕು ಎಳೆ ಬೇಕು ಕಣೋ. ಇನ್ನೂ ಮೂರು ಹಾಕು" ಎಂದರು. ಹಾಕಿದೆ, ಸರಿಹೋಯಿತು. ಹಾಗಾದರೆ ನಾಲ್ಕು, ಆರಾದರೆ? ಎರಡು ಎಳೆ. ಆರು, ಒಂಬತ್ತಾದರೆ? ಮೂರು. ಐದು, ಎಂಟಾದರೆ? ಒಂದೇ. ಅವರು ಯಾವುದನ್ನೂ ಎಣಿಸಿ ಹೇಳುತ್ತಿರಲಿಲ್ಲ. ಸಾಲಿನ ಲೆಕ್ಕ, ಚುಕ್ಕಿಯ ಲೆಕ್ಕ ಎರಡನ್ನೂ ಭಾಗಿಸುವ ದೊಡ್ಡ ಸಂಖ್ಯೆ ಎಷ್ಟೋ ಎಳೆಯೂ ಅಷ್ಟು ಎಂಬುದೇ ಅದರ ಗುಟ್ಟು. ಎರಡು ವರ್ಷ ಕಳೆದ ಮೇಲೆ ಶಾಲೆಯಲ್ಲಿ ಮಹತ್ತಮ ಸಾಮಾನ್ಯ ಅಪವರ್ತನದ ಪಾಠ ಬಂದಾಗ ನಾನು ಮನೆಗೆ ಓಡಿ ಬಂದು ಅತ್ತೆಗೆ ಹೇಳಿದೆ. ಅವರು ಸೊಪ್ಪು ಸೋಸುತ್ತ, "ಅದಕ್ಕೆ ಹೆಸರು ಬೇರೆ ಇಟ್ಟಿದಾರಾ?" ಎಂದರು.

ಹೆಸರಷ್ಟೇ ಅಲ್ಲ, ಮುಂದೆ ಅದಕ್ಕೆ ಶಾಸ್ತ್ರವೂ ಬಂತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಕೋಲಂ ಚಿತ್ರಗಳ ರಚನೆಯನ್ನು ಕಂಪ್ಯೂಟರಿಗೆ ತಿಳಿಯುವ ವ್ಯಾಕರಣದ ಸೂತ್ರಗಳಲ್ಲಿ ಹೇಳಿ ಪ್ರಬಂಧ ಪ್ರಕಟಿಸಿದರು. ಆಫ್ರಿಕದ ಅಂಗೋಲದಲ್ಲಿ ಚೋಕ್ವೆ ಜನರು ಮರಳಿನಲ್ಲಿ ಹೀಗೆಯೇ ಚುಕ್ಕಿಯಿಟ್ಟು, ಕಥೆ ಹೇಳುತ್ತ ಹೇಳುತ್ತ, ಬೆರಳೆತ್ತದೆ ಗೆರೆ ಎಳೆಯುತ್ತಿದ್ದರೆಂದೂ ಅಲ್ಲಿಯೂ ಎಳೆಗಳ ಲೆಕ್ಕ ಇದೇ ಎಂದೂ ಓದಿದಾಗ ನನಗೆ ಆದ ಸಂತೋಷವನ್ನು ಹೇಳಲಾರೆ. ಅಲ್ಲಿ ಎಳೆಯುವವರು ಗಂಡಸರು. ಎದುರುಮನೆಯ ಹುಡುಗರಿಗೆ ಕೊಡಬಹುದಾಗಿದ್ದ ಉತ್ತರ ಮೂವತ್ತು ವರ್ಷ ತಡವಾಗಿ ಸಿಕ್ಕಿತು.

ಇನ್ನು ಅತ್ತೆಯ ಪುಸ್ತಕ. ಅಜ್ಜನ ಮಂಡಿಯ ಹಳೆಯ ಜಮಾಖರ್ಚಿನ ಪುಸ್ತಕವೊಂದರ ಹಿಂದಿನ ಅರ್ಧ ಖಾಲಿ ಉಳಿದಿತ್ತು. ಅದನ್ನು ತಲೆಕೆಳಗಾಗಿ ತಿರುಗಿಸಿ, ಕೊನೆಯಿಂದ ಮೊದಲಿಗೆ ಅವರು ಚಿತ್ರ ತುಂಬಿದ್ದರು. ಮುಂದಿನಿಂದ ತೆರೆದರೆ ಬೆಲ್ಲದ ಲೆಕ್ಕ, ಹಿಂದಿನಿಂದ ತೆರೆದರೆ ರಂಗೋಲಿ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಡುಮನೆಯ ಕಿಟಕಿಯ ಬಳಿ ಕುಳಿತು ಸೀಸದಕಡ್ಡಿಯಿಂದ ಬರೆಯುತ್ತಿದ್ದರು. ಅಂಗಳದಲ್ಲಿ ಕೂಡದ ಕೈ ಕಾಗದದ ಮೇಲೆ ಕೂಡದೆಂದು ಯಾರಿಗೂ ತೋಚಿರಲಿಲ್ಲವೆಂದು ಕಾಣುತ್ತದೆ. ಕಟ್ಟಳೆಗಳನ್ನು ಮಾಡಿದವರು ಕಾಗದವನ್ನು ನೆನೆದಿರಲಿಲ್ಲ.

ಆ ಪುಸ್ತಕದ ಒಂದು ಪುಟ ನನಗೆ ಇಂದಿಗೂ ಅಚ್ಚುಮೆಚ್ಚು: ಹೃದಯಕಮಲ. ನಡುವಿನಿಂದ ಎಂಟು ದಿಕ್ಕಿಗೆ ಐದೈದು ಚುಕ್ಕಿ. ಮೊದಲ ದಿಕ್ಕಿನ ಒಂದನೆಯ ಚುಕ್ಕಿಯಿಂದ ಹೊರಟು, ಮುಂದಿನ ದಿಕ್ಕಿನಲ್ಲಿ ಮೂರನೆಯದು, ಅದರಾಚೆ ಐದನೆಯದು, ಆಮೇಲೆ ಎರಡು, ಆಮೇಲೆ ನಾಲ್ಕು, ಮತ್ತೆ ಒಂದು. ಹೀಗೆ ಸುತ್ತಿದರೆ ಐದನೆಯ ಸುತ್ತಿನ ಕೊನೆಗೆ ನಲವತ್ತು ಚುಕ್ಕಿಗಳನ್ನೂ ಮುಟ್ಟಿ ಗೆರೆ ಹೊರಟಲ್ಲಿಗೆ ಬರುತ್ತದೆ. ಎಂಟೆಸಳಿನ ಕಮಲ ಅರಳಿರುತ್ತದೆ. ಪುಟದ ಅಂಚಿನಲ್ಲಿ ಅತ್ತೆ ಬರೆದಿದ್ದಾರೆ: ಹತ್ತು ದಿಕ್ಕಾದರೆ ಬಾರದು. ನಿಜವೇ. ಐದಕ್ಕೂ ಹತ್ತಕ್ಕೂ ಸಾಮಾನ್ಯ ಭಾಗವಿರುವುದರಿಂದ ಗೆರೆ ಒಂದೇ ಸುತ್ತಿಗೆ ಮುಚ್ಚಿಕೊಂಡುಬಿಡುತ್ತದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು ಅದನ್ನು ಎಳೆದು ನೋಡಿ, ಸೋತು, ಮುಂದೆ ಬರುವವರಿಗೆ ಆ ಸೋಲನ್ನು ಬರೆದಿಟ್ಟಿದ್ದರು.

ಪುಸ್ತಕ ಅವರೊಬ್ಬರದಾಗಿ ಉಳಿದಿರಲಿಲ್ಲ. ಬೀದಿಯ ಹೆಣ್ಣುಮಕ್ಕಳು ಮಧ್ಯಾಹ್ನ ಬರುತ್ತಿದ್ದರು. ತಮ್ಮದೊಂದು ಕೊಟ್ಟು ಇಲ್ಲಿಯದೊಂದು ಒಯ್ಯುತ್ತಿದ್ದರು. ಹೊಸದಾಗಿ ಊರಿಗೆ ಬಂದ ಸೊಸೆಯೆಂದರೆ ಅತ್ತೆಗೆ ಹಬ್ಬ. ಅವಳ ತವರಿನ ಚುಕ್ಕಿಗಳು ಒಂದು ವಾರದೊಳಗೆ ಪುಸ್ತಕಕ್ಕೆ ಇಳಿದಿರುತ್ತಿದ್ದವು. ಪ್ರತಿ ಪುಟದ ಮೇಲೆ ಚುಕ್ಕಿಯ ಲೆಕ್ಕ, ಕೆಳಗೆ ಕೊಟ್ಟವರ ಗುರುತು: 'ಶಾನುಭೋಗರ ಸೊಸೆ, ಅರಸೀಕೆರೆ ಕಡೆಯವಳು', 'ಅಂಚೆ ಮಾಸ್ತರ ಮನೆ', 'ಬಳೆಗಾರ ಹೇಳಿದ್ದು'. ಕೊಟ್ಟದ್ದು ಕೊಟ್ಟಂತೆಯೇ ಇರುತ್ತಿರಲಿಲ್ಲ. ನವಿಲಾಗಿ ಹೋದ ಒಂದು ಚಿತ್ರ ನಾಲ್ಕು ಮನೆ ಸುತ್ತಿ ಗಿಳಿಯಾಗಿ ಮರಳಿದಾಗ ಅತ್ತೆ ಅದನ್ನು ತಿದ್ದಲಿಲ್ಲ. ಎದುರು ಪುಟದಲ್ಲಿ ಗಿಳಿಯನ್ನೂ ಬರೆದುಕೊಂಡರು. ಕೆಲವು ಪುಟಗಳ ಕೆಳಗೆ ಮಾತ್ರ ಯಾರ ಗುರುತೂ ಇಲ್ಲ. ಅವು ಅತ್ತೆಯವೇ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಧನುರ್ಮಾಸದ ಬೆಳಗಿನ ಪೂಜೆಗೆ ಅವರು ದೇವಸ್ಥಾನಕ್ಕೆ ಹೋಗಿಬರುವಾಗ ಬೀದಿಯ ಎರಡೂ ಬದಿಯ ಅಂಗಳಗಳನ್ನು ನೋಡುತ್ತ ನಿಧಾನವಾಗಿ ನಡೆಯುತ್ತಿದ್ದರು. ಆ ಅಂಗಳಗಳಲ್ಲಿ ಅವರ ಗೆರೆಗಳೇ ಎಷ್ಟೋ. ನಾನೂ ಜೊತೆಗಿದ್ದ ಒಂದು ದಿನ ಮನೆಗೆ ಬಂದವರೇ, "ಮೂರನೇ ಮನೆ ಹುಡುಗಿ ಒಂದು ಕಡೆ ಎಳೆ ದಾಟಿಸೋದು ಮರೆತಿದಾಳೆ. ಹಾಗೇ ಹಿಂದಕ್ಕೆ ತಿರುಗಿಸಿಬಿಟ್ಟಿದಾಳೆ. ಚೆನ್ನಾಗೇ ಇದೆ" ಎಂದು ಪುಸ್ತಕ ತೆಗೆದರು. ಇದು ಸಣ್ಣ ಮಾತಲ್ಲ. ಎರಡು ಬೇರೆ ಬೇರೆ ಎಳೆಗಳು ಅಡ್ಡಹಾಯುವ ಕಡೆ ಅವು ಒಂದನ್ನೊಂದು ದಾಟದೆ, ಬೆನ್ನು ತಿರುಗಿಸಿ ಹಿಂದಿರುಗಿದರೆ, ಅವೆರಡೂ ಸೇರಿ ಒಂದೇ ಎಳೆಯಾಗಿಬಿಡುತ್ತವೆ. ಹುಡುಗಿಯ ತಪ್ಪಿನಿಂದ ಅತ್ತೆಗೆ ಆ ಉಪಾಯ ಸಿಕ್ಕಿತು. ಆ ಪುಟದ ಕೆಳಗೆ ಮೂರನೆಯ ಮನೆಯ ಗುರುತಿದೆ.

ನೆಲದ ಗೆರೆ ಕಾಗದಕ್ಕೆ ಬಂದು ಲೋಕವನ್ನೇ ಸುತ್ತಿದ ಕಥೆಯೂ ನಮ್ಮ ದೇಶದಲ್ಲಿ ಉಂಟು. 1966–67ರಲ್ಲಿ ಬಿಹಾರದಲ್ಲಿ ಬರ ಬಿದ್ದಾಗ, ಕರಕುಶಲ ಮಂಡಳಿಯ ಪರವಾಗಿ ಭಾಸ್ಕರ ಕುಲಕರ್ಣಿಯೆಂಬ ಕಲಾವಿದರು ಮಿಥಿಲೆಯ ಹಳ್ಳಿಗಳಿಗೆ ಹೋಗಿ, ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದ ಹೆಂಗಸರಿಗೆ ಕಾಗದ ಕೊಟ್ಟರು. ಗೋಡೆಯ ಚಿತ್ರಕ್ಕೆ ಇರದಿದ್ದ ಬೆಲೆ ಕಾಗದದ ಚಿತ್ರಕ್ಕೆ ಬಂತು. ಬರೆದವಳಿಗೆ ಹೆಸರೂ ಬಂತು. ಕೂದಲೆಳೆಯಂಥ ಗೆರೆಗಳ ಗಂಗಾದೇವಿಗೆ 1984ರಲ್ಲಿ ಪದ್ಮಶ್ರೀ ಸಂದಿತು. ಅರ್ಬುದ ರೋಗಕ್ಕೆ ಚಿಕಿತ್ಸೆ ಪಡೆದ ಆಸ್ಪತ್ರೆಯ ದಿನಗಳನ್ನೂ ಆಕೆ ಅದೇ ಗೆರೆಗಳಲ್ಲಿ ಬರೆದಿಟ್ಟು 1991ರಲ್ಲಿ ತೀರಿಕೊಂಡರು. ನಮ್ಮ ಸಾಗರ ಸೀಮೆಯ ದೀವರ ಹೆಂಗಸರ ಹಸೆ ಚಿತ್ತಾರವೂ ಕೆಮ್ಮಣ್ಣಿನ ಗೋಡೆಯಿಂದ ಕಾಗದಕ್ಕೆ ಬಂದಿದೆ. ಅತ್ತೆಯ ಪುಸ್ತಕವನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಬಂದಿದ್ದರೆ ಅವರು ಯಾವ ಪುಟಕ್ಕೆ ಬೆಲೆ ಹೇಳುತ್ತಿದ್ದರೋ ಕಾಣೆ. ಬಹುಶಃ, ಇದು ಅಂಚೆ ಮಾಸ್ತರ ಮನೆಯದು, ನನ್ನದಲ್ಲ ಎನ್ನುತ್ತಿದ್ದರು.

ಈಗ ರಂಗೋಲಿ ಹಂಚಿಕೊಳ್ಳುವುದು ಎಷ್ಟು ಸುಲಭವಾಗಿದೆಯೆಂದರೆ, ಸಂಕ್ರಾಂತಿಯ ಬೆಳಗ್ಗೆ ನನ್ನ ಸೊಸೆಯ ಮೊಬೈಲಿಗೆ ಐವತ್ತು ಅಂಗಳಗಳು ಬಂದು ಬೀಳುತ್ತವೆ. ಕಣ್ಣಿಗೆ ಹಬ್ಬ, ಇಲ್ಲವೆನ್ನಲಾರೆ. ಆದರೆ ಅವುಗಳಲ್ಲಿ ಒಂದನ್ನು ನಮ್ಮ ಬಾಗಿಲಿಗೆ ಹಾಕಲು ಹೊರಟಾಗ ತೊಡಕು ತಿಳಿಯಿತು. ಛಾಯಾಚಿತ್ರದಲ್ಲಿ ಬಣ್ಣವಿದೆ, ಚುಕ್ಕಿಯಿಲ್ಲ. ಗೆರೆ ಎಲ್ಲಿಂದ ಹೊರಟಿತು, ಎಷ್ಟು ಎಳೆ, ನೇರವೋ ಸಂದೋ, ಯಾವುದೂ ಇಲ್ಲ. ನಾನೂ ಸೊಸೆಯೂ ಒಂದು ಇಡೀ ಮಧ್ಯಾಹ್ನ ಕುಳಿತು, ಮುಗಿದ ಚಿತ್ರದೊಳಗಿನಿಂದ ಚುಕ್ಕಿಗಳನ್ನು ಹೆಕ್ಕಿ ತೆಗೆದೆವು. 19ರಿಂದ 10, ಸಂದು. ಅತ್ತೆಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಇರುತ್ತಿದ್ದ ಮಾತು. ಅಂದಿನಿಂದ ಅವಳು ತನ್ನ ರಂಗೋಲಿಯ ಚಿತ್ರ ಯಾರಿಗೆ ಕಳಿಸಿದರೂ ಚುಕ್ಕಿಯ ಲೆಕ್ಕವನ್ನು ಬರೆದೇ ಕಳಿಸುತ್ತಾಳೆ. ಕೆಲವರು ಈಚೆಗೆ ಲೆಕ್ಕ ಬರೆದು ಮರಳಿ ಕಳಿಸುತ್ತಿದ್ದಾರೆ.

ಅತ್ತೆ 1987ರಲ್ಲಿ ತೀರಿಕೊಂಡರು. ಕಟ್ಟಳೆ ಹಾಕಿದ್ದ ಅಜ್ಜಿ ಹೋಗಿ ಆಗಲೇ ಎಷ್ಟೋ ಕಾಲವಾಗಿತ್ತು. ನನ್ನ ತಾಯಿ ಒಂದೆರಡು ಸಲ, "ನೀವೇ ಹಾಕಿ ಅತ್ತಿಗೆ, ಈಗ ಕೇಳೋರು ಯಾರಿದಾರೆ?" ಎಂದು ಬಟ್ಟಲನ್ನು ಮುಂದೆ ಹಿಡಿದದ್ದುಂಟು. ಅವರು ಬಟ್ಟಲನ್ನು ತೆಗೆದುಕೊಂಡು, ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ತರಿಯಾಗಿದೆ, ಜರಡಿ ಹಿಡಿಯಬೇಕು ಎಂದು ಹಿಂದಕ್ಕೆ ಕೊಟ್ಟರು.

ಪುಸ್ತಕ ನನ್ನಲ್ಲಿದೆ. ಅದರಲ್ಲಿ ಅವರು ಬರೆದ ಕೊನೆಯ ಪುಟದಲ್ಲಿ ಚುಕ್ಕಿಗಳಿವೆ, ಗೆರೆಯಿಲ್ಲ. ಮೇಲೆ ಬರೆದಿದೆ: '8 ಸಾಲು, 12 ಚುಕ್ಕಿ, ನೇರ. ಒಂದೇ ಎಳೆ.' ಅವರೇ ಕಲಿಸಿದ ಲೆಕ್ಕದಂತೆ ಇದಕ್ಕೆ ನಾಲ್ಕು ಎಳೆ ಬೇಕು. ಮೂರನೆಯ ಮನೆಯ ಹುಡುಗಿಯ ಉಪಾಯದಿಂದ, ತಕ್ಕ ಮೂರು ಕಡೆ ದಾಟದೆ ಹಿಂದಿರುಗಿದರೆ ನಾಲ್ಕೂ ಒಂದಾಗುತ್ತವೆ. ಯಾವ ಮೂರು ಕಡೆ ಎಂಬುದೇ ಪ್ರಶ್ನೆ. ಮೂರನ್ನು ನಾಲ್ಕು ಮೂಲೆಗೆ ಸಮನಾಗಿ ಹಂಚಲು ಬಾರದು. ಎಲ್ಲಿಟ್ಟರೂ ಚಿತ್ರ ಒಂದು ಕಡೆಗೆ ವಾಲಿದಂತೆ ನನಗೆ ತೋರುತ್ತದೆ. ಸೊಸೆ ಮೂರನ್ನೂ ನಡುವಿನ ಉದ್ದ ಸಾಲಿಗೆ ತಂದು ನೋಡುತ್ತಿದ್ದಾಳೆ. ಪುಟದ ನೆರಳಚ್ಚು ತೆಗೆಸಿ ಕೇಳಿದವರಿಗೆಲ್ಲ ಕೊಟ್ಟಿದ್ದೇನೆ. ಹನ್ನೊಂದು ಬಗೆಯಲ್ಲಿ ಬಿಡಿಸಿದ ಹಾಳೆಗಳು ಈವರೆಗೆ ಮರಳಿ ಬಂದಿವೆ. ಒಂದೊಂದರ ಕೆಳಗೂ ಕಳಿಸಿದವರ ಊರು, ಮನೆ ಬರೆದು ಪುಸ್ತಕದೊಳಗೆ ಇಡುತ್ತಿದ್ದೇನೆ. ಅತ್ತೆಯ ಹಾಳೆಯ ಮೇಲೆ ಮಾತ್ರ ಯಾರಿಂದಲೂ ಗೆರೆ ಎಳೆಸಿಲ್ಲ.